ಸಮುದ್ರ ಕಾಣುವ ಮನೆಗಿಂತ ಜಗಲಿ ಇರುವ ಮನೆ ಮೇಲು: ಬಾಸ್ಕ್ ನಾಡಿನಲ್ಲಿ ಹಳ್ಳಿಮನೆ ಬಾಡಿಗೆಗೆ ಹಿಡಿಯುವಾಗ

[ದೃಶ್ಯ: ಕಾರಿನ ಗಾಜಿನ ಮೇಲೆ ಸಣ್ಣ ಹನಿ. ವೈಪರ್ ಒಮ್ಮೆ ಓಡಿ ನಿಲ್ಲುತ್ತದೆ. ಎದುರಿಗೆ ಇಳಿಜಾರು ಹುಲ್ಲುಗಾವಲು.]

ನಮಸ್ಕಾರ. ಇದು ಅಕ್ಟೋಬರ್ ತಿಂಗಳ ಒಂದು ಶನಿವಾರ, ಸಂಜೆ ಏಳೂವರೆ. ಸ್ಪೇನಿನ ಉತ್ತರ ಕರಾವಳಿ, ಲೆಕೇಯ್ತಿಯೊ ಅನ್ನೋ ಊರಿನ ಹಿಂದಿನ ಗುಡ್ಡ. ಹಿಂದಿನ ಸೀಟಿನಲ್ಲಿ ಅಪ್ಪ, ಅಮ್ಮ. ಅಮ್ಮನ ತೊಡೆಯ ಮೇಲೆ ಹಾಸನದಿಂದ ತಂದ ಕುಕ್ಕರ್. ಮ್ಯಾಪ್ ಹೇಳುತ್ತಿದೆ, ನೀವು ತಲುಪಿದ್ದೀರಿ ಅಂತ. ಎದುರಿಗೆ ಇರುವುದು ಒಂದು ಬೇಲಿ, ಹತ್ತು ಹನ್ನೆರಡು ಕುರಿ. ಮನೆ ಇಲ್ಲ.

"ಇಲ್ಲೇನಾ ಮಲಗೋದು?" ಅಂದರು ಅಪ್ಪ.

ಮನೆ ಸಿಗಲು ಇನ್ನೂ ನಲವತ್ತು ನಿಮಿಷ ಬೇಕಾಯಿತು. ಮ್ಯಾಪನ್ನು ಬೈದುಕೊಂಡೆ. ಆದರೆ ತಪ್ಪು ನನ್ನದೇ. ಆ ನಾಡಿನ ವಿಳಾಸ ಓದುವುದು ನನಗೆ ಗೊತ್ತಿರಲಿಲ್ಲ.

[ದೃಶ್ಯ: ಪರದೆಯ ಮೇಲೆ ಭೂಪಟ. ಬಿಲ್ಬಾವೊದಿಂದ ಬಿಯಾರಿಟ್ಸ್‌ವರೆಗೆ ಕರಾವಳಿ.]

ಮೊದಲು ಜಾಗ ಎಲ್ಲಿ ಅಂತ ನೋಡೋಣ. ಬಾಸ್ಕ್ ನಾಡು ಎರಡು ದೇಶಗಳಲ್ಲಿ ಹಂಚಿಹೋಗಿದೆ. ಹೆಚ್ಚಿನ ಭಾಗ ಸ್ಪೇನಿನಲ್ಲಿ, ಸ್ವಲ್ಪ ಫ್ರಾನ್ಸಿನಲ್ಲಿ. ಕರಾವಳಿ ಇರುವುದು ಮೂರು ಪ್ರಾಂತ್ಯಗಳಿಗೆ: ಸ್ಪೇನಿನ ಬಿಸ್ಕಾಯಾ ಮತ್ತು ಗಿಪುಸ್ಕೋವಾ, ಫ್ರಾನ್ಸಿನ ಲಾಪುರ್ದಿ. ನಡುವೆ ಬಿದಾಸೋವಾ ನದಿ. ಎರಡೂ ಕಡೆ ಒಂದೇ ಷೆಂಗೆನ್ ವೀಸಾ, ಹಾಗಾಗಿ ಓಡಾಟಕ್ಕೆ ತೊಂದರೆ ಇಲ್ಲ. ಆದರೆ ಬಾಡಿಗೆ ಪದ್ಧತಿ ಎರಡೂ ಕಡೆ ಬೇರೆ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಸಾನ್ ಸೆಬಾಸ್ತಿಯನ್ ಅಥವಾ ಬಿಯಾರಿಟ್ಸ್ ಪೇಟೆಯೊಳಗೆ ಬೇಸಿಗೆಯಲ್ಲಿ ರೂಮು ದುಬಾರಿ, ಕಾರು ನಿಲ್ಲಿಸಲು ಜಾಗ ಇಲ್ಲ. ಕಡಲಿನಿಂದ ಐದಾರು ಕಿಲೋಮೀಟರ್ ಒಳಗೆ ಹೋದರೆ ಸಾಕು, ಹಸಿರು ಗುಡ್ಡ, ಅಲ್ಲೊಂದು ಇಲ್ಲೊಂದು ದೊಡ್ಡ ಕಲ್ಲಿನ ಮನೆ. ಈ ಮನೆಗೆ ಬಾಸ್ಕ್ ಭಾಷೆಯಲ್ಲಿ ಬಸೆರ್ರಿ ಅಂತಾರೆ. ನೀವು ಬಾಡಿಗೆಗೆ ಹಿಡಿಯುವುದು ಬಹುಶಃ ಇಂಥದ್ದೇ ಒಂದನ್ನು, ಅಥವಾ ಇದರ ಒಂದು ತುಂಡನ್ನು.

[ದೃಶ್ಯ: ಅಗಲವಾದ ಹೆಂಚಿನ ಮಾಡು. ಕಲ್ಲಿನ ಕಮಾನು. ಕಮಾನಿನ ಒಳಗೆ ಒಂದು ಬೆಂಚು, ಒದ್ದೆ ಬೂಟುಗಳು.]

ಬಸೆರ್ರಿ ಅಂದರೆ ಒಂದೇ ಮಾಡಿನ ಕೆಳಗೆ ಇಡೀ ಬೇಸಾಯ. ಹಳೇ ಕಾಲದಲ್ಲಿ ಕೆಳಗೆ ಅಡುಗೆಮನೆ, ಅದರ ಪಕ್ಕದಲ್ಲೇ ಕೊಟ್ಟಿಗೆ. ಮೇಲೆ ಹುಲ್ಲು, ಕಾಳುಕಡಿ. ಗಿಪುಸ್ಕೋವಾದ ಎಸ್ಕಿಯೊದಲ್ಲಿ ಇಗಾರ್ತುಬೇಯ್ತಿ ಅನ್ನೋ 16ನೇ ಶತಮಾನದ ಮನೆಯೊಂದನ್ನು ಮ್ಯೂಸಿಯಂ ಮಾಡಿದ್ದಾರೆ. ಅಲ್ಲಿ ಮನೆಯೊಳಗೇ ಸೇಬಿನ ರಸ ಹಿಂಡುವ ದೊಡ್ಡ ಯಂತ್ರ ಇದೆ. ಯಂತ್ರದ ತೊಲೆ ಮೇಲಿನ ಅಂತಸ್ತಿನ ಉದ್ದಕ್ಕೂ ಹೋಗಿದೆ. ಮನೆಯೊಳಗೆ ಯಂತ್ರ ಇಟ್ಟರೋ, ಯಂತ್ರದ ಸುತ್ತ ಮನೆ ಕಟ್ಟಿದರೋ ಅಂತ ನೋಡಿದವರು ಕೇಳುತ್ತಾರೆ. ಯಂತ್ರದ ಸುತ್ತಲೇ ಮನೆ ಕಟ್ಟಿದ್ದು.

ಈಗ ವಿಳಾಸದ ಕಥೆ. ಪ್ರತಿ ಬಸೆರ್ರಿಗೂ ಒಂದು ಹೆಸರಿದೆ. ಇಲ್ಲಿ ಜನ ಮನೆಗೆ ಹೆಸರು ಕೊಟ್ಟಿದ್ದಕ್ಕಿಂತ ಮನೆ ಜನರಿಗೆ ಹೆಸರು ಕೊಟ್ಟಿದ್ದೇ ಜಾಸ್ತಿ. ಎಚೆ ಅಂದರೆ ಮನೆ, ಬೆರ್ರಿ ಅಂದರೆ ಹೊಸದು. ಎಚೆಬೆರ್ರಿಯಾ ಅನ್ನೋ ಮನೆತನದ ಹೆಸರು ಬಂದಿದ್ದು ಹೀಗೆ. ನಮ್ಮ ಕರಾವಳಿಯಲ್ಲಿ ಊರೂರಿಗೂ ಸಿಗುವ ಕ್ಸೇವಿಯರ್ ಅನ್ನೋ ಹೆಸರೂ ಇದೇ ಪದದಿಂದ ಹುಟ್ಟಿದ್ದು. ಅಂದರೆ ಮಂಗಳೂರಿನ ಕ್ಸೇವಿಯರ್‌ಗಳೆಲ್ಲ ಒಂದು ಲೆಕ್ಕಕ್ಕೆ ಹೊಸಮನೆಯವರು!

[ದೃಶ್ಯ: ಬುಕಿಂಗ್ ವಿಳಾಸ ಪರದೆಯ ಮೇಲೆ. ಮನೆಯ ಹೆಸರನ್ನು ಮರೆಮಾಡಿದೆ. ಕೊನೆಯ ಎರಡು ಅಕ್ಷರಗಳ ಸುತ್ತ ಕೆಂಪು ಗೆರೆ.]

ನನಗೆ ಬಂದ ವಿಳಾಸದಲ್ಲಿ ಇದ್ದಿದ್ದು ಮೂರೇ ಸಂಗತಿ. ಮನೆಯ ಹೆಸರು. ಆಮೇಲೆ ಔಸೊ, ಅಂದರೆ ಕೇರಿ. ಕೊನೆಗೆ ಜೆಡ್, ಅಡ್ಡಗೆರೆ, ಜಿ. ಈ ಜೆಡ್-ಜಿ ಯಾವುದೋ ಬ್ಲಾಕ್ ನಂಬರ್ ಇರಬೇಕು ಅಂದುಕೊಂಡೆ. ಅದರ ಅರ್ಥ ಏನು ಗೊತ್ತಾ? ನಂಬರ್ ಇಲ್ಲ ಅಂತ! ಇಲ್ಲದ ನಂಬರನ್ನು ನಾನು ಮ್ಯಾಪಿನಲ್ಲಿ ಹಾಕಿ ಕುರಿ ಬೇಲಿ ತಲುಪಿದ್ದೆ.

ಅದಕ್ಕೆ ಬುಕ್ ಮಾಡಿದ ದಿನವೇ ಮನೆಯವರಿಂದ ಲೊಕೇಶನ್ ಪಿನ್ ತರಿಸಿಕೊಳ್ಳಿ. ಕೊನೆಯ ಒಂದು ಕಿಲೋಮೀಟರ್ ಯಾವ ರಸ್ತೆಯಲ್ಲಿ ಬರಬೇಕು ಅಂತಲೂ ಕೇಳಿ. ಮ್ಯಾಪ್ ಹತ್ತಿರದ ದಾರಿ ಅಂತ ಟ್ರ್ಯಾಕ್ಟರ್ ದಾರಿಗೆ ಹತ್ತಿಸುತ್ತದೆ. ಒಂದು ಕಾರಿನ ಅಗಲ, ಕಡಿದಾದ ಏರು, ಎದುರಿಗೆ ಇನ್ನೊಂದು ಬಂದರೆ ಒಬ್ಬರು ರಿವರ್ಸ್ ಹೋಗಲೇಬೇಕು. ಹಗಲಲ್ಲಿ ತಲುಪಿ.

ಈಗ ಜಾಹೀರಾತು ಓದೋಣ. ಎರಡು ಪದ ಕಾಣುತ್ತವೆ. ನೆಕಸಾಲ್‌ತುರಿಸ್ಮೊ, ಸ್ಪ್ಯಾನಿಷ್‌ನಲ್ಲಿ ಅಗ್ರೋತುರಿಸ್ಮೊ. ಇನ್ನೊಂದು ಲಾಂಡೆಚೆ, ಅಂದರೆ ಕಾಸಾ ರುರಾಲ್. ಮೊದಲನೆಯದು ಬೇಸಾಯ ಈಗಲೂ ನಡೆಯುತ್ತಿರುವ ಮನೆ. ಎರಡನೆಯದು ಹಳ್ಳಿಯ ಮನೆ ಅಷ್ಟೇ, ಬೇಸಾಯ ಇರಬೇಕೆಂದಿಲ್ಲ. ನೆಕಸಾಲ್‌ತುರಿಸ್ಮೊ ಹಿಡಿದರೆ ಬೆಳಿಗ್ಗೆ ಟ್ರ್ಯಾಕ್ಟರ್ ಸದ್ದು, ಕುರಿಗಳ ಗಂಟೆ, ಗಾಳಿ ಬೀಸಿದರೆ ಗೊಬ್ಬರದ ವಾಸನೆ. ಅಪ್ಪನಿಗೆ ಇದೇ ಬೇಕಿತ್ತು. ಎರಡನೇ ದಿನಕ್ಕೇ ಯಜಮಾನರ ಜೊತೆ ಕೊಟ್ಟಿಗೆಯಲ್ಲಿ ನಿಂತಿದ್ದರು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಗೊತ್ತಿಲ್ಲ, ಮಾತು ಮಾತ್ರ ನಡೆದಿತ್ತು.

ಇನ್ನೊಂದು, ಪೂರ್ತಿ ಮನೆಯೋ, ಬರೀ ಕೋಣೆಯೋ? ಎರಡೂ ಥರ ಕೊಡುತ್ತಾರೆ. ಕೋಣೆ ತೆಗೆದುಕೊಂಡರೆ ಅಡುಗೆಮನೆ ಬಳಸಲು ಕೆಲವೆಡೆ ಬೇರೆ ದುಡ್ಡು, ಕೆಲವೆಡೆ ಬಿಡುವುದೇ ಇಲ್ಲ. ಪೂರ್ತಿ ಮನೆ ಅಂದರೂ ಫೋಟೋದಲ್ಲಿರುವ ಅಷ್ಟು ದೊಡ್ಡ ಮನೆ ನಿಮ್ಮದಲ್ಲ. ಎಷ್ಟೋ ಬಸೆರ್ರಿಗಳನ್ನು ಮಾಡಿನ ನಡುಗೆರೆಗೆ ಸರಿಯಾಗಿ ಎರಡು ಪಾಲು ಮಾಡಿರುತ್ತಾರೆ. ಅರ್ಧದಲ್ಲಿ ಮನೆಯವರು, ಇನ್ನರ್ಧದಲ್ಲಿ ನೀವು. ನನಗೆ ಇದು ಒಳ್ಳೆಯದೇ ಅನಿಸಿತು. ಬಿಸಿನೀರು ಬರಲಿಲ್ಲ ಅಂದರೆ ಗೋಡೆ ತಟ್ಟಿದರೆ ಆಯಿತು.

ಜಾಹೀರಾತಿನಲ್ಲಿ ನೋಂದಣಿ ನಂಬರ್ ಇದೆಯಾ ನೋಡಿ. ಇಲ್ಲದಿದ್ದರೆ ಆ ಮನೆ ಬಿಟ್ಟು ಬೇರೆಯದು ನೋಡಿ.

[ದೃಶ್ಯ: ಮಳೆ. ಜಗಲಿಯಲ್ಲಿ ಕೂತು ಅಪ್ಪ ಕಾಫಿ ಕುಡಿಯುತ್ತಿದ್ದಾರೆ. ಹಿಂದೆ ಹಗ್ಗದ ಮೇಲೆ ಬಟ್ಟೆ.]

ಈ ವಿಡಿಯೋದ ಮುಖ್ಯ ಮಾತಿಗೆ ಬಂದೆ. ಎಲ್ಲರೂ ಹುಡುಕುವುದು ಸಮುದ್ರ ಕಾಣುವ ಮನೆ. ನಾನು ಹೇಳುವುದು, ಜಗಲಿ ಇರುವ ಮನೆ ಹುಡುಕಿ.

ಯಾಕೆ? ಮಳೆ. ಸಾನ್ ಸೆಬಾಸ್ತಿಯನ್ ಕಡೆ ವರ್ಷಕ್ಕೆ ಸುಮಾರು 1500 ಮಿಲಿಮೀಟರ್ ಮಳೆ. ನಮ್ಮ ಮಲೆನಾಡಿನವರಿಗೆ ಇದೇನು ದೊಡ್ಡದಲ್ಲ. ಆದರೆ ನಮ್ಮ ಮಳೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಸುತ್ತದೆ. ಇಲ್ಲಿ ಹನ್ನೆರಡು ತಿಂಗಳಿಗೂ ಹಂಚಿಕೊಂಡಿದೆ, ಜುಲೈ ಆಗಸ್ಟ್ ಕೂಡ ಬಿಟ್ಟಿಲ್ಲ. ಅದರಲ್ಲೂ ಒಂದು ಜಿಟಿಜಿಟಿ ಮಳೆ ಇದೆ, ಹೆಸರು ಸಿರಿಮಿರಿ. ಕೊಡೆ ಬಿಚ್ಚಲು ಮನಸ್ಸು ಬರುವುದಿಲ್ಲ, ಬಿಚ್ಚದಿದ್ದರೆ ಹತ್ತು ನಿಮಿಷದಲ್ಲಿ ಅಂಗಿ ತೊಪ್ಪೆ. ಆ ಮೋಡದಲ್ಲಿ ನಿಮ್ಮ ಸಮುದ್ರ ಎಲ್ಲಿ ಕಾಣುತ್ತದೆ? ದುಡ್ಡು ಕೊಟ್ಟು ಬಿಳಿ ಗೋಡೆ ನೋಡಿದ ಹಾಗೆ.

ಹಳೇ ಬಸೆರ್ರಿಯ ಮುಂದೆ ಮಾಡಿನ ಕೆಳಗೇ ಒಂದು ಜಾಗ ಇರುತ್ತದೆ, ಮುಂದೆ ತೆರೆದುಕೊಂಡಿರುತ್ತದೆ. ಅವರು ಅತಾರಿ ಅಂತಾರೆ. ನಮ್ಮ ಜಗಲಿಯ ಕೆಲಸವನ್ನೇ ಅದೂ ಮಾಡುತ್ತದೆ. ಬಟ್ಟೆ ಒಣಗಿಸಲು, ಮಕ್ಕಳು ಆಡಲು, ಸುಮ್ನೆ ಕೂತು ಮಳೆ ನೋಡಲು. ಫೋಟೋಗಳಲ್ಲಿ ಇದನ್ನು ಹುಡುಕಿ. ಜೊತೆಗೆ ಕೇಳಿ: ಸೌದೆ ಒಲೆ ಇದೆಯಾ, ಸೌದೆ ಬಾಡಿಗೆಯಲ್ಲೇ ಸೇರಿದೆಯಾ, ಹೀಟರ್‌ಗೆ ಬೇರೆ ಲೆಕ್ಕವಾ? ಅಷ್ಟು ದಪ್ಪದ ಕಲ್ಲಿನ ಗೋಡೆ ಅಕ್ಟೋಬರ್‌ನಲ್ಲೇ ತಣ್ಣಗೆ ಕೊರೆಯುತ್ತದೆ.

[ದೃಶ್ಯ: ಬಾಗಿಲಿಗೆ ಮೊಳೆ ಹೊಡೆದ ಒಣ ಹೂವು, ತುಂಬಾ ಹತ್ತಿರದಿಂದ.]

ಜಗಲಿಯ ಬಾಗಿಲ ಮೇಲೆ ಇದನ್ನು ನೋಡಿ. ಅಂಗೈ ಅಗಲದ ಮುಳ್ಳು ಹೂವು. ಒಣಗಿ ನಡುವೆ ಒಣಹುಲ್ಲಿನ ಬಣ್ಣಕ್ಕೆ ಬಂದಿದೆ, ಸುತ್ತ ಮುಳ್ಳಿನ ಎಲೆ. ಎಗುಸ್ಕಿಲೋರೆ, ಅಂದರೆ ಸೂರ್ಯನ ಹೂವು. ರಾತ್ರಿ ದುಷ್ಟಶಕ್ತಿಗಳು ಬಂದರೆ ಇದನ್ನೇ ಸೂರ್ಯ ಅಂದುಕೊಂಡು ವಾಪಸ್ ಹೋಗುತ್ತವೆ ಅನ್ನೋದು ನಂಬಿಕೆ. ಅಮ್ಮ ಎರಡು ನಿಮಿಷ ನೋಡಿ, "ಬೂದುಗುಂಬಳಕಾಯಿ ಕಟ್ಟಿದ ಹಾಗೆ" ಅಂದರು. ಅಲ್ಲಿಗೆ ಆ ಮನೆ ಅವರಿಗೆ ಒಪ್ಪಿಗೆಯಾಯಿತು.

ಸಮುದ್ರ ಬೇಡ ಅಂತ ನಾನು ಹೇಳುತ್ತಿಲ್ಲ. ಅದಕ್ಕೇ ಅಲ್ವಾ ಬಂದಿದ್ದು. ಆದರೆ ಇಲ್ಲಿನ ಭರತ ಇಳಿತ ನಮ್ಮ ಕಡಲಿನ ಹಾಗಲ್ಲ. ನೀರು ನಾಲ್ಕು ಮೀಟರ್‌ಗಿಂತ ಜಾಸ್ತಿ ಏರಿ ಇಳಿಯುವ ದಿನಗಳಿವೆ. ಸುಮಾಯಾದಲ್ಲಿ ಕಡಲ ಬಂಡೆಗಳು ಪುಸ್ತಕದ ಹಾಳೆ ನಿಲ್ಲಿಸಿದ ಹಾಗೆ ಪದರಪದರವಾಗಿವೆ, ಫ್ಲಿಶ್ ಅಂತ ಹೆಸರು. ಅವುಗಳ ಮುಂದಿನ ಮರಳು ಭರತದ ಹೊತ್ತಿಗೆ ಹೆಚ್ಚುಕಡಿಮೆ ಇರುವುದೇ ಇಲ್ಲ. ಲೆಕೇಯ್ತಿಯೊದ ಎದುರಿನ ಪುಟ್ಟ ದ್ವೀಪಕ್ಕೆ ನೀರು ಇಳಿದಾಗ ನಡೆದೇ ಹೋಗಬಹುದು. ನಾವು ಹೋದೆವು. ಅಪ್ಪ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಾ ಹೊತ್ತು ಮರೆತರು. ವಾಪಸ್ ಬರುವಾಗ ದಾರಿಯ ಕಲ್ಲಿನ ಮೇಲೆ ನೀರು ಹತ್ತಿತ್ತು, ಪ್ಯಾಂಟ್ ಮಡಿಚಿ ಓಡಿದೆವು. ಭರತ ಇಳಿತದ ಸಮಯ ಆನ್‌ಲೈನ್‌ನಲ್ಲಿ ಸಿಗುತ್ತದೆ. ದಿನಾ ಬೆಳಿಗ್ಗೆ ಮೊದಲು ಅದನ್ನು ನೋಡಿ, ಆಮೇಲೆ ತಿಂಡಿ.

ಕಾರು ಬೇಕಾ? ಗುಡ್ಡದ ಮೇಲಿನ ಮನೆಗೆ ಬೇಕೇ ಬೇಕು. ಭಾರತದ ಲೈಸೆನ್ಸ್ ಇರುವವರು ಊರಿನ ಆರ್‌ಟಿಓದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡೇ ಹೊರಡಿ. ಕಾರೇ ಬೇಡ ಅನ್ನುವವರು ಸರೌತ್ಸ್, ಸುಮಾಯಾ, ದೆಬಾ, ಇಲ್ಲವೇ ಗೆರ್ನಿಕಾ, ಮುಂದಾಕಾ ಸುತ್ತಮುತ್ತ ನೋಡಿ. ಅಲ್ಲಿಗೆ ಎಉಸ್ಕೋತ್ರೆನ್ ರೈಲು ಹೋಗುತ್ತದೆ. ಲೆಕೇಯ್ತಿಯೊಗೆ ರೈಲಿಲ್ಲ, ಬಸ್ಸೇ ಗತಿ.

[ದೃಶ್ಯ: ಎರಡು ಒಪ್ಪಂದದ ಕಾಗದ, ಪಕ್ಕಪಕ್ಕ.]

ಫ್ರಾನ್ಸ್ ಕಡೆ, ಅಂದರೆ ಸಾರ್, ಐನೋವಾ, ಎಸ್ಪೆಲೆಟ್ ಊರುಗಳ ಕಡೆ ಹೋದರೆ ಹಳ್ಳಿಮನೆಗೆ ಜೀತ್ ಅಂತಾರೆ. ಬೇಸಿಗೆಯಲ್ಲಿ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ ಮಾತ್ರ ಬಾಡಿಗೆ. ಹಾಸಿಗೆ ಬಟ್ಟೆ, ಟವೆಲ್, ಕೊನೆಯ ದಿನದ ಕ್ಲೀನಿಂಗ್ ಇವೆಲ್ಲ ಬಾಡಿಗೆಯಲ್ಲಿ ಸೇರಿಲ್ಲದಿರುವುದೇ ಜಾಸ್ತಿ. ದೊಡ್ಡವರಿಗೆ ರಾತ್ರಿಗಿಷ್ಟು ಅಂತ ಪ್ರವಾಸಿ ತೆರಿಗೆಯೂ ಇದೆ.

ಅಡ್ವಾನ್ಸ್ ವಿಷಯದಲ್ಲಿ ಒಂದು ಪದ ಗಮನಿಸಿ. ಫ್ರೆಂಚ್ ಒಪ್ಪಂದದಲ್ಲಿ ಅದನ್ನು 'ಆರ್' ಅಂತ ಬರೆದಿದ್ದರೆ, ನೀವು ಕ್ಯಾನ್ಸಲ್ ಮಾಡಿದಾಗ ಹೋಗುವುದು ಅಷ್ಟು ದುಡ್ಡು ಮಾತ್ರ. ಮನೆಯವರು ಕ್ಯಾನ್ಸಲ್ ಮಾಡಿದರೆ ನಿಮಗೆ ಎರಡರಷ್ಟು ವಾಪಸ್ ಕೊಡಬೇಕು. 'ಅಕೋಂತ್' ಅಂತ ಬರೆದಿದ್ದರೆ ಒಪ್ಪಂದ ಗಟ್ಟಿ. ನೀವು ಹೋಗದಿದ್ದರೂ ಪೂರ್ತಿ ಬಾಡಿಗೆ ಕೇಳಬಹುದು. ಒಂದೇ ಪದ, ಇಡೀ ವಾರದ ಬಾಡಿಗೆ ಅದರ ಮೇಲೆ ನಿಂತಿದೆ. ವೀಸಾ ಬರುವ ಮೊದಲೇ ಬುಕ್ ಮಾಡುವವರಂತೂ ಕಣ್ಣಿಟ್ಟು ಓದಿ.

ಸ್ಪೇನ್ ಕಡೆ ಮನೆಯವರು ಎಲ್ಲರ ಪಾಸ್‌ಪೋರ್ಟ್ ಕೇಳುತ್ತಾರೆ. ಗಾಬರಿ ಬೇಡ. ತಂಗಿದವರ ವಿವರ ಪೊಲೀಸರಿಗೆ ಕಳಿಸಲೇಬೇಕು ಅನ್ನೋದು ಅಲ್ಲಿನ ಕಾನೂನು. 2024ರ ಡಿಸೆಂಬರ್‌ನಿಂದ ಇನ್ನೂ ಜಾಸ್ತಿ ವಿವರ ಕೇಳುತ್ತಿದ್ದಾರೆ, ಮನೆ ವಿಳಾಸ, ಫೋನ್ ನಂಬರ್ ಎಲ್ಲ.

[ದೃಶ್ಯ: ಅಡುಗೆಮನೆ. ಗಾಜಿನ ಒಲೆಯ ಮೇಲೆ ಕುಕ್ಕರ್. ಒಲೆಯ ಕೆಂಪು ದೀಪ ಮಿನುಗುತ್ತಿದೆ, ಬಿಸಿಯಾಗುತ್ತಿಲ್ಲ.]

ಇನ್ನು ಆ ಕುಕ್ಕರ್. ಅಷ್ಟು ದೂರದಿಂದ ಬಂದ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯ ಮೇಲೆ ಬರೀ ಅಲಂಕಾರಕ್ಕೆ ಕೂತಿತು. ಯಾವ ಒಲೆ ಅಂತ ಮೊದಲೇ ಕೇಳಿದ್ದರೆ ಒಂದು ಭಾರ ಕಡಿಮೆ ಆಗುತ್ತಿತ್ತು. ಅದರ ಮೇಲೆ ಮಾರನೇ ದಿನ ಭಾನುವಾರ. ಸೂಪರ್‌ಮಾರ್ಕೆಟ್‌ಗಳು ಹೆಚ್ಚುಕಡಿಮೆ ಎಲ್ಲ ಬಂದ್. ತಂದಿದ್ದ ಅವಲಕ್ಕಿಯಲ್ಲಿ ಎರಡು ಹೊತ್ತು ಕಳೆದೆವು.

ಸಸ್ಯಾಹಾರಿಗಳಿಗೆ ಇಲ್ಲಿನ ಹೋಟೆಲ್ ಕಷ್ಟ, ಅಡುಗೆಮನೆ ಇರುವ ಮನೆ ಬೇಕು ಅನ್ನೋದು ಅದಕ್ಕೇ. ಸಾಮಾನು ಮಾತ್ರ ಸೊಗಸು. ಗೆರ್ನಿಕಾದಲ್ಲಿ ಪ್ರತಿ ಸೋಮವಾರ ಸಂತೆ. ಸ್ಪೇನಿನ ಅಂತರ್ಯುದ್ಧದ ಹೊತ್ತಿನಲ್ಲಿ, 1937ರ ಏಪ್ರಿಲ್ 26ರಂದು ಆ ಊರಿನ ಮೇಲೆ ಬಾಂಬ್ ಬಿದ್ದಿದ್ದೂ ಸೋಮವಾರವೇ. ಸಂತೆಯಲ್ಲಿ ಗೆರ್ನಿಕಾದ ಸಣ್ಣ ಹಸಿರು ಮೆಣಸಿನಕಾಯಿ ಸಿಕ್ಕಿತು, ಎಣ್ಣೆಯಲ್ಲಿ ಹುರಿದು ಉಪ್ಪು ಉದುರಿಸಿದರೆ ಬೇರೇನೂ ಬೇಡ. ತೊಲೋಸಾದ ಕಪ್ಪು ಹುರುಳಿಕಾಯಿ ಬೀಜವನ್ನು ಮನೆಗೆ ತಂದು ಬೇಯಿಸಿಕೊಳ್ಳಿ, ಹೋಟೆಲಿನಲ್ಲಿ ಅದರ ಜೊತೆ ಮಾಂಸ ಬರುತ್ತದೆ. ಇದಿಯಾಸಾಬಲ್ ಅನ್ನೋ ಕುರಿಹಾಲಿನ ಚೀಸ್ ತುಂಬಾ ಚೆನ್ನಾಗಿದೆ, ಆದರೆ ಅದಕ್ಕೆ ಹಾಕುವ ಹೆಪ್ಪು ಸಾಮಾನ್ಯವಾಗಿ ಕುರಿಮರಿಯ ಹೊಟ್ಟೆಯದು. ಕಟ್ಟುನಿಟ್ಟಿನವರು ಗಮನಿಸಿ.

ಮಂಗಳವಾರ ಸಂಜೆ ಮನೆಯ ಅಜ್ಜಿ ತಾಲೊ ಮಾಡಿ ತೋರಿಸಿದರು. ಮೆಕ್ಕೆಜೋಳದ ಹಿಟ್ಟು, ಬಿಸಿನೀರು, ಉಪ್ಪು. ಉಂಡೆ ಮಾಡಿ ಕೈಯಲ್ಲೇ ತಟ್ಟಿ ಕಾವಲಿಗೆ ಹಾಕುವುದು. ಅಮ್ಮ ಸ್ವಲ್ಪ ಹೊತ್ತು ನೋಡಿ, ಅಜ್ಜಿಯ ಕೈಯಿಂದ ಉಂಡೆ ತೆಗೆದುಕೊಂಡರು. ಅವರು ತಟ್ಟಿದ್ದು ಇನ್ನೂ ತೆಳ್ಳಗೆ ಬಂತು. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿ ಏನೋ ಅಂದು ನಕ್ಕರು. ಏನಂದರು ಅಂತ ಅಮ್ಮ ಇವತ್ತಿಗೂ ನನ್ನನ್ನು ಕೇಳುತ್ತಿರುತ್ತಾರೆ. ನನಗೆ ಬರುವ ಬಾಸ್ಕ್ ಮೂರೇ ಪದ: ಕೈಶೊ ಅಂದರೆ ನಮಸ್ಕಾರ, ಎಸ್ಕೆರಿಕ್ ಆಸ್ಕೊ ಅಂದರೆ ಧನ್ಯವಾದ, ಆಗುರ್ ಅಂದರೆ ಬರ್ತೀವಿ.

[ದೃಶ್ಯ: ಕಾರಿನ ಡಿಕ್ಕಿ ಮುಚ್ಚುತ್ತದೆ. ಜಗಲಿಯ ಬೆಂಚಿನ ಮೇಲೆ ಕುಕ್ಕರ್.]

ಕುಕ್ಕರ್ ಅಲ್ಲೇ ಉಳಿಯಿತು. ಅಜ್ಜಿಯ ಪಾಲಿನ ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಇದೆ.