ಮೀಟರಿನ ಕೊನೆಯುಸಿರು

ಕೇಳುಗರಿಗೆ ನಮಸ್ಕಾರ.

ಹಳೆಯ ಕರೆಂಟ್ ಮೀಟರನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಗಾಜಿನ ಹಿಂದೆ ತಿರುಗುವ ಅಲ್ಯೂಮಿನಿಯಂ ತಟ್ಟೆ, ಅದರ ಅಂಚಿಗೊಂದು ಗುರುತು. ಇಸ್ತ್ರಿಪೆಟ್ಟಿಗೆ ಹಚ್ಚಿದರೆ ತಟ್ಟೆ ಓಡುತ್ತಿತ್ತು, ಒಂದೇ ದೀಪವಿದ್ದರೆ ತೆವಳುತ್ತಿತ್ತು. ಹಂಗೇರಿಯ ಒಟ್ಟೊ ಬ್ಲಾಥಿ 1889ರಲ್ಲಿ ರೂಪಿಸಿದ ಮೀಟರಿನ ವಂಶ ಅದು. ನೂರು ವರ್ಷ ದಾಟಿ ಬಾಳಿತು. ಎಷ್ಟು ಯೂನಿಟ್ ಖರ್ಚಾಯಿತು ಅಂತ ಹೇಳುತ್ತಿತ್ತು. ಯಾವಾಗ ಅಂತ ಮಾತ್ರ ಹೇಳುತ್ತಿರಲಿಲ್ಲ.

ಗ್ರಿಡ್ಡಿಗೆ, ಅಂದರೆ ಊರೂರಿಗೆ ಕರೆಂಟು ಹಂಚುವ ಜಾಲಕ್ಕೆ, ಬೇಕಾದದ್ದು ಆ ‘ಯಾವಾಗ’. ವಿದ್ಯುತ್ತನ್ನು ಧಾನ್ಯದ ಹಾಗೆ ತುಂಬಿಡುವುದು ದುಬಾರಿ ಕೆಲಸ. ಬಳಸುವ ಕ್ಷಣದಲ್ಲೇ ತಯಾರಾಗಬೇಕು. ಬಳಕೆ ಏರಿ ಉತ್ಪಾದನೆ ಹಿಂದೆ ಬಿದ್ದರೆ ಜನರೇಟರುಗಳ ವೇಗ ತಗ್ಗಿ, 50 ಇಲ್ಲವೇ 60 ಹರ್ಟ್ಸ್ ಇರಬೇಕಾದ ಆವರ್ತನ, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಅಲೆಯಾಡುತ್ತದೆ ಎಂಬ ಲೆಕ್ಕ, ಕುಸಿಯುತ್ತದೆ. ಅದರ ಮೇಲೆ ಈಗ ಸೌರಫಲಕಗಳು. ಮಧ್ಯಾಹ್ನ ಸುರಿಯುತ್ತವೆ, ಸಂಜೆ ಎಲ್ಲರೂ ದೀಪ ಹಾಕುವ ಹೊತ್ತಿಗೆ ಕೈಕೊಡುತ್ತವೆ. ಹಳೆಯ ಮೀಟರಿನ ಜಾಗಕ್ಕೆ ಬಂದ, ಲೆಕ್ಕವನ್ನು ತಾನೇ ವಿದ್ಯುತ್ ಕಂಪನಿಗೆ ಕಳಿಸುವ ಸ್ಮಾರ್ಟ್ ಮೀಟರು 15 ಅಥವಾ 30 ನಿಮಿಷಕ್ಕೊಮ್ಮೆ ಬಳಕೆ ಬರೆದಿಡುವುದರಿಂದ, ಹೊತ್ತಿಗೆ ತಕ್ಕ ದರ ಹಾಕುವುದು ಸಾಧ್ಯವಾಯಿತು.

ನನಗೆ ಇದಕ್ಕಿಂತ ಹಿಡಿಸಿದ್ದು ಇನ್ನೊಂದು. ಕರೆಂಟು ಹೋಯಿತೆನ್ನಿ. ಮೀಟರಿಗೂ ಕರೆಂಟಿಲ್ಲ. ಆದರೆ ಒಳಗಿನ ಪುಟ್ಟ ಕೆಪಾಸಿಟರಿನಲ್ಲಿ, ಅಂದರೆ ಸ್ವಲ್ಪ ವಿದ್ಯುತ್ತು ಹಿಡಿದಿಡುವ ಬಿಡಿಭಾಗದಲ್ಲಿ, ಕ್ಷಣಕಾಲದ ಶಕ್ತಿ ಉಳಿದಿರುತ್ತದೆ. ಅಷ್ಟರಲ್ಲೇ ಅದು ‘ನನಗೆ ಸರಬರಾಜು ನಿಂತಿದೆ’ ಎಂದು ಸಂದೇಶ ಕಳಿಸಿ ಸುಮ್ಮನಾಗುತ್ತದೆ. ಎಂಜಿನಿಯರುಗಳು ಇದಕ್ಕೆ ಇಟ್ಟ ಹೆಸರು ‘ಲಾಸ್ಟ್ ಗ್ಯಾಸ್ಪ್’, ಕೊನೆಯುಸಿರು. ಒಂದೇ ಮನೆಯಿಂದ ಬಂದರೆ ಆ ಮನೆಯ ತಂತಿ ನೋಡಬೇಕು. ಬೀದಿ ಪೂರ್ತಿ ಬಂದರೆ ಟ್ರಾನ್ಸ್‌ಫಾರ್ಮರ್. ಬಡಾವಣೆಯೇ ಉಸಿರು ಬಿಟ್ಟರೆ ಫೀಡರ್, ಅಂದರೆ ಬಡಾವಣೆಗೆ ಕರೆಂಟು ತರುವ ಮುಖ್ಯ ಲೈನು. ಯಾರೂ ಫೋನ್ ಮಾಡುವ ಮೊದಲೇ ಲೈನ್‌ಮನ್‌ಗೆ ಯಾವ ಕಂಬ ಹತ್ತಬೇಕೆಂಬ ಅಂದಾಜು ಸಿಗುತ್ತದೆ. ರಿಪೇರಿ ಮುಗಿದ ಮೇಲೆ ಮೀಟರುಗಳನ್ನು ಕೂಗಿ ಕರೆದರೆ, ಓಗೊಡದ ಮನೆ ಇನ್ನೂ ಕತ್ತಲಲ್ಲಿದೆ ಎಂದು ಊಹಿಸಬಹುದು.

ಆದರೆ ಅದೇ ‘ಯಾವಾಗ’ ಮನೆಯೊಳಗೂ ಇಣುಕುತ್ತದೆ. ಎದ್ದದ್ದು ಎಷ್ಟಕ್ಕೆ, ಮನೆ ಖಾಲಿಯಿದ್ದದ್ದು ಯಾವ ದಿನ, ಎಲ್ಲ ಅಂಕಿಯಲ್ಲಿ ಕೂತಿರುತ್ತದೆ. ನೆದರ್‌ಲ್ಯಾಂಡ್ಸ್‌ನ ಮೇಲ್ಮನೆ 2009ರಲ್ಲಿ ಸ್ಮಾರ್ಟ್ ಮೀಟರಿನ ಕಡ್ಡಾಯ ಅಳವಡಿಕೆಗೆ ತಡೆಯೊಡ್ಡಿದಾಗ ಖಾಸಗಿತನದ ಪ್ರಶ್ನೆಯೇ ಮುಂದಿತ್ತು. ಅದು ಅತಿಯಾದ ಅನುಮಾನ ಅಂತ ನನಗನ್ನಿಸುವುದಿಲ್ಲ. ಟ್ರಾನ್ಸ್‌ಫಾರ್ಮರಿನ ಹೊರೆ ತಿಳಿಯಲು ಬೀದಿಯ ಒಟ್ಟು ಲೆಕ್ಕ ಸಾಕಲ್ಲ? ಹೊತ್ತಿನ ದರದ ಗುಣಾಕಾರ ಮೀಟರೇ ಮಾಡಿ, ತಿಂಗಳಿಗೊಮ್ಮೆ ಮೊತ್ತ ಕಳಿಸಲಿ. ಅಷ್ಟು ಲೆಕ್ಕ ಮಾಡುವ ಎಲೆಕ್ಟ್ರಾನಿಕ್ ಚಿಪ್ ಅದರೊಳಗೇ ಇದೆ.