ರೋಮಿನ ಒಲೆ

ಕೇಳುಗರೇ, ನಮಸ್ಕಾರ. ಇವತ್ತು ಒಂದು ಅಡುಗೆಮನೆಯಿಂದ ಮಾತು ಶುರು ಮಾಡುತ್ತೇನೆ.

ಇಟಲಿಯ ಪಾಂಪೇ ಊರು ಕ್ರಿ.ಶ. 79ರಲ್ಲಿ ವೆಸುವಿಯಸ್ ಬೆಟ್ಟ ಸಿಡಿದು ಬೂದಿಯಲ್ಲಿ ಹೂತುಹೋಯಿತು, ಗೊತ್ತಲ್ವಾ. ಅದನ್ನು ಅಗೆದಾಗ ಎಷ್ಟೋ ಅಡುಗೆಮನೆಗಳ ಗೋಡೆಯ ಮೇಲೆ ಹೆಚ್ಚುಕಮ್ಮಿ ಒಂದೇ ಥರದ ಚಿತ್ರ ಸಿಕ್ಕಿತು. ಗಿಡ್ಡ ಅಂಗಿ ತೊಟ್ಟು ಕುಣಿಯುವ ಇಬ್ಬರು ಹುಡುಗರು, ಕೈಯಲ್ಲಿ ದ್ರಾಕ್ಷಾರಸದ ಕೊಂಬು. ನಡುವೆ ಬಟ್ಟೆಯ ಸೆರಗನ್ನು ತಲೆಗೆ ಹೊದ್ದ ಗಂಡಸು. ಕೆಳಗೆ, ಮೊಟ್ಟೆ ಇಟ್ಟ ಪೀಠದ ಕಡೆಗೆ ಹರಿದು ಬರುವ ಹಾವು. ಆ ಹುಡುಗರು ಲಾರೆಸ್, ಮನೆ ಕಾಯುವ ದೇವರು. ನಡುವಿನವನು ಗೀನಿಯಸ್, ಅಂದರೆ ಯಜಮಾನನ ಜೀವಶಕ್ತಿ.

ಊಟದ ನಡುವೆ ಇವರ ಪಾಲು ಅಂತ ಒಂದಿಷ್ಟು ಬೆಂಕಿಗೆ ಹಾಕುತ್ತಿದ್ದರು. ಮದುವೆಗೆ ಮುಂಚೆ ಹುಡುಗಿ ತನ್ನ ಗೊಂಬೆಗಳನ್ನು ತಂದು ಇವರ ಮುಂದೆ ಇಡುತ್ತಿದ್ದಳು, ಹುಡುಗ ದೊಡ್ಡವನಾದಾಗ ಕೊರಳಿನ ತಾಯಿತ ಬಿಚ್ಚಿ ಇವರಿಗೇ ಒಪ್ಪಿಸುತ್ತಿದ್ದ. ಮನೆಯ ಗುಲಾಮರಿಗೂ ಈ ಪೂಜೆಯಲ್ಲಿ ಪಾಲಿತ್ತು. ಒಲೆ ಉರಿಸುತ್ತಿದ್ದವರು ಅವರೇ ತಾನೇ!

ರೋಮ್ ಊರಿಗೂ ಒಂದು ಒಲೆ ಇತ್ತು. ಊರ ನಡುವಿನ ಚೌಕ ಫೋರಂನಲ್ಲಿ ವೆಸ್ಟಾ ದೇವಿಯ ದುಂಡನೆಯ ಗುಡಿ, ಒಳಗೆ ಆರದ ಬೆಂಕಿ. ಕಾಯಲು 6 ಹೆಂಗಸರು. ಹೆಂಗಸರು ಅಂದೆ, ಆದರೆ ಆರಿಸಿ ತರುತ್ತಿದ್ದದ್ದು 6ರಿಂದ 10 ವರ್ಷದೊಳಗಿನ ಮಕ್ಕಳನ್ನು, ಅವರು 30 ವರ್ಷ ಮದುವೆಯಿಲ್ಲದೆ ಅಲ್ಲೇ ಇರಬೇಕು. ಬೆಂಕಿ ಆರಿಹೋದರೆ ಮುಖ್ಯ ಪುರೋಹಿತನಿಂದ ಏಟು. ವ್ರತ ಕೆಟ್ಟಿತು ಅಂತ ತೀರ್ಪಾದರೆ ಜೀವಂತ ಹೂಳುತ್ತಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಜೂನ್ 9ರಂದು ಅದೇ ದೇವಿಯ ಹಬ್ಬ. ಅವತ್ತು ಬೀಸುವ ಕಲ್ಲಿಗೆ ರಜೆ, ಅದನ್ನು ತಿರುಗಿಸುವ ಕತ್ತೆಗಳ ಕೊರಳಿಗೆ ರೊಟ್ಟಿಯ ಹಾರ.

ಆ ಮುಖ್ಯ ಪುರೋಹಿತ ಬರೀ ಪೂಜಾರಿ ಅಲ್ಲ, ರಾಜಕಾರಣಿ. ಜೂಲಿಯಸ್ ಸೀಸರ್ ಕ್ರಿ.ಪೂ. 63ರಲ್ಲಿ ಮೈತುಂಬ ಸಾಲ ಮಾಡಿ, ಚುನಾವಣೆಯಲ್ಲಿ ಗೆದ್ದು ಈ ಹುದ್ದೆ ಹಿಡಿದ. ಕ್ರಿ.ಪೂ. 12ರಲ್ಲಿ ಇದು ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್ ಕೈಗೆ ಬಂತು. ಮುಖ್ಯ ಪುರೋಹಿತನಿಗೆಂದೇ ಫೋರಂನಲ್ಲಿದ್ದ ಸರ್ಕಾರಿ ಮನೆಗೆ ಅವನು ಹೋಗಲಿಲ್ಲ, ಪಾಲಟೈನ್ ಗುಡ್ಡದ ತನ್ನ ಮನೆಯಲ್ಲೇ ವೆಸ್ಟಾಗೆ ಜಾಗ ಮಾಡಿದ. ಊಟದ ಹೊತ್ತಿಗೆ ಅವನ ಹೆಸರಲ್ಲೂ ದ್ರಾಕ್ಷಾರಸ ಎರೆಯಬೇಕು ಅಂತ ಕ್ರಿ.ಪೂ. 30ರಲ್ಲೇ ಸೆನೆಟ್ ಗೊತ್ತುವಳಿ ಮಾಡಿತ್ತು. ಆಮೇಲೆ ಬೀದಿ ಕೂಡುವ ಕಡೆ ಇದ್ದ ಲಾರೆಸ್ ಗೂಡುಗಳಲ್ಲೂ ಅವನ ಗೀನಿಯಸ್ ಬಂದು ನಿಂತಿತು, ಅಲ್ಲಿ ಪೂಜೆ ನೋಡಿಕೊಂಡವರು ಬಹುಪಾಲು ಗುಲಾಮಗಿರಿಯಿಂದ ಬಿಡುಗಡೆಯಾದವರು. ಆಗಸ್ಟಸ್ ಗೆದ್ದದ್ದು ಸೈನ್ಯದಿಂದ, ನಿಜ. ಆದರೆ ಜನರ ಮನಸ್ಸಿಗೆ ಅವನು ಹೊಕ್ಕದ್ದು ಅಡುಗೆಮನೆ ಬಾಗಿಲಿಂದ ಅಂತ ನಾನು ನಂಬುತ್ತೇನೆ.

ಕ್ರಿ.ಶ. 392ರ ಹೊತ್ತಿಗೆ ಚಕ್ರವರ್ತಿ ಥಿಯೊಡೋಸಿಯಸ್, ಕ್ರೈಸ್ತ. ಹಳೆಯ ಪೂಜೆಗಳನ್ನು ನಿಷೇಧಿಸಿದ ಅವನ ಕಾನೂನು ಗುಡಿಯ ಬಲಿಗೆ ನಿಲ್ಲಲಿಲ್ಲ. ಮನೆಯೊಳಗೆ ಗುಟ್ಟಾಗಿಯೂ ಲಾರೆಸ್‌ಗೆ ಬೆಂಕಿ, ಗೀನಿಯಸ್‌ಗೆ ದ್ರಾಕ್ಷಾರಸ, ಉಗ್ರಾಣ ಕಾಯುವ ಪೆನಾಟೆಸ್‌ಗೆ ಪರಿಮಳ ಕೊಡಬಾರದು, ದೀಪ ಹಚ್ಚಬಾರದು, ಧೂಪ ಹಾಕಬಾರದು, ಹಾರ ತೂಗಿಸಬಾರದು ಅಂತ ಒಂದೊಂದನ್ನೂ ಹೆಸರಿಟ್ಟು ಬರೆದಿತ್ತು.