ಎಲ್ಲಾ ಶಿಸ್ತಿನಿಂದ ಬರಂಗಿಲ್ರಿ

ನಮಸ್ಕಾರ್ರಿ. ನಮ್ಮ ಹುಬ್ಬಳ್ಳಿ-ಧಾರವಾಡದಾಗ ಸನ್ಮಾನಕ್ಕೇನು ಬರ ಇಲ್ಲ. ನೌಕಾಪಡೆಯಿಂದ ನಿವೃತ್ತಿ ಆಗಿ, ಎಲ್‌ಎಲ್‌ಬಿ ಮುಗಿಸಿ, ಕರೆ ಕೋಟು ತೊಟ್ಟು, ಐವತ್ತರ ಹತ್ರ ಮ್ಯಾರಥಾನ್ ಓಡೋ ವಕೀಲರು ಸಿಕ್ಕರಂತೂ ಮುಗೀತು. ಶಾಲು ಹೊದಿಸ್ತಾರ, ಹಾವೇರಿ ಏಲಕ್ಕಿ ಹಾರ ಹಾಕ್ತಾರ, ಮೈಕ್ ಹಿಡದವರು ‘ಶಿಸ್ತಿನ ಸಿಪಾಯಿ’ ಅಂತಾರ. ಅಲ್ರಿ, ಅವರು ಸಿಪಾಯಿ ಅಲ್ಲ, ನಾವಿಕರು. ಅದು ಹೋಗ್ಲಿ. ಅವರು ಮಾಡಿದ್ದೆಲ್ಲಾ ಶಿಸ್ತಿನ ಖಾತೆಗೆ ಜಮಾ ಮಾಡ್ತೀವಲ್ಲ, ಆ ಲೆಕ್ಕ ತಪ್ಪು ಅನ್ನೂದು ಇವತ್ತಿನ ನಮ್ಮ ಮಾತು.

ಮೊದಲ ರೊಕ್ಕದ ವಿಷಯ ನೋಡೂಣು, ಯಾಕಂದ್ರ ಸನ್ಮಾನದಾಗ ಅದನ್ನ ಯಾರೂ ಎತ್ತಂಗಿಲ್ಲ. 2022ರಾಗ ಅಗ್ನಿಪಥ ಬರೂಕಿಂತ ಮುಂಚೆ ಎಸ್‌ಎಸ್‌ಆರ್, ಅಂದ್ರ ಪಿಯುಸಿ ಮ್ಯಾಲೆ ಭರ್ತಿ ಆಗೋ ನಾವಿಕರಾಗಿ ಸೇರಿದವರ ಮೊದಲ ಕರಾರು 15 ವರ್ಷದ್ದು. ಹದಿನೆಂಟಕ್ಕ ಒಡಿಶಾದ ಐಎನ್‌ಎಸ್ ಚಿಲ್ಕಾಕ್ಕ ತರಬೇತಿಗೆ ಹೋದ ಹುಡುಗ ಮೂವತ್ಮೂರಕ್ಕ ಮನಿಗೆ ಬರ್ತಾನ, ಪಿಂಚಣಿಗೆ ಬೇಕಾದ 15 ವರ್ಷನೂ ಆಗಿರ್ತಾವ. ಇತ್ತ ವಕೀಲಿಯ ಮೊದಲ ಮೂರ್ನಾಲ್ಕು ವರ್ಷ ಹೆಂಗಿರ್ತಾವ ಅನ್ನೂದು ಕೋರ್ಟ್ ಕಾಂಪೌಂಡಿನಾಗ ಚಹಾ ಕುಡಿಯೋ ಯಾವ ಜೂನಿಯರ್‌ನ ಕೇಳಿದ್ರೂ ಹೇಳ್ತಾನ. ಭಾರತೀಯ ವಕೀಲರ ಪರಿಷತ್ತು 2024ರಾಗ ಜೂನಿಯರ್‌ಗೆ ಪಟ್ಟಣದಾಗ ತಿಂಗಳಿಗೆ 20,000, ಹಳ್ಳಿ ಕಡೆ 15,000 ರೂಪಾಯಿ ಕೊಡ್ರಿ ಅಂತ ಸುತ್ತೋಲೆ ಹೊರಡಿಸ್ತು. ಅದು ಸಲಹೆ ಅಷ್ಟ, ಕಡ್ಡಾಯ ಅಲ್ಲ. ಆ ಬರಗಾಲ ದಾಟಸೂದು ಪಿಂಚಣಿ.

ಈಗ ಅಗ್ನಿವೀರನ್ನ ನೋಡ್ರಿ. ಶಿಸ್ತು ಅವಗೂ ಅಷ್ಟ ಐತಿ. ನಾಲ್ಕು ವರ್ಷಕ್ಕ ಹೊರಗ ಬಂದ್ರ ಸೇವಾನಿಧಿ ಅಂತ ಒಂದ ಗಂಟಿನಾಗ ಸುಮಾರು 11.71 ಲಕ್ಷ ರೂಪಾಯಿ, ಪಿಂಚಣಿ ಇಲ್ಲ. ಡಿಗ್ರಿ 3 ವರ್ಷ, ಎಲ್‌ಎಲ್‌ಬಿ 3, ಜೂನಿಯರ್ ಆಗಿ 3, ಒಟ್ಟು 108 ತಿಂಗಳು. ಭಾಗಿಸಿದ್ರ ತಿಂಗಳಿಗೆ 11 ಸಾವಿರಾನೂ ಬೀಳಂಗಿಲ್ಲ. ಅದರಾಗ ಫೀ, ಪುಸ್ತಕ, ಮನಿ ಬಾಡಿಗಿ. ಬರೇ ಶಿಸ್ತಿನಿಂದ ವಕೀಲ ಆಗೂದಾಗಿದ್ರ ಇವನೂ ಅಷ್ಟ ಸುಲಭಕ್ಕ ಆಗಬೇಕಿತ್ತಲ್ಲ?

ಇನ್ನ ದಾರಿಯಾಗಿನ ಗುಂಡಿಗಳು. ಬಾಳ ಮಂದಿ ಬೀಳೂದು ಡಿಗ್ರಿ ಗುಂಡಿಗೆ. 15 ವರ್ಷ ಸೇವೆ ಮುಗಿಸಿದವರಿಗೆ ‘ಪದವಿಗೆ ಸಮಾನ’ ಅಂತ ಒಂದು ಪ್ರಮಾಣಪತ್ರ ಸಿಗ್ತೈತಿ. ಅದು ಗ್ರೂಪ್ ಸಿ ನೌಕರಿಗೆ ನಡೀತೈತಿ, ಲಾ ಕಾಲೇಜಿಗೆ ನಡಿಯಂಗಿಲ್ಲ. ಮೂರು ವರ್ಷದ ಎಲ್‌ಎಲ್‌ಬಿಗೆ ವಿಶ್ವವಿದ್ಯಾಲಯದ ಪದವಿನ ಬೇಕು, ಸಾಮಾನ್ಯ ವರ್ಗಕ್ಕ 45 ಪರ್ಸೆಂಟ್. ಹಡಗಿನಾಗಿದ್ದಾಗ ಇಗ್ನೋದಾಗ ಬಿಎ ಮುಗಿಸಿದ್ರ ಅಡ್ಡಿ ಇಲ್ಲ, ಆದ್ರ ಅದರ ಕೆಳಗ ಪಿಯುಸಿ ಇರಬೇಕು. ಪಿಯುಸಿ ಬಿಟ್ಟು ಮುಕ್ತ ವಿಶ್ವವಿದ್ಯಾಲಯದಾಗ ನೇರ ಪದವಿ ತಗೊಂಡವರನ್ನ 2008ರ ಕಾನೂನು ಶಿಕ್ಷಣ ನಿಯಮ ಒಪ್ಪಂಗಿಲ್ಲ. ಹತ್ತನೇ ಇಯತ್ತೆ ಮ್ಯಾಲೆ ಸೇರಿದ ನಾವಿಕರು ಇದನ್ನ ನಿವೃತ್ತಿ ಆದಮ್ಯಾಲಲ್ಲ, ಐದು ವರ್ಷ ಮೊದಲ ನೋಡ್ಕೋಬೇಕು.

ಅಂಚೆ ಮೂಲಕ ಎಲ್‌ಎಲ್‌ಬಿ ಅನ್ನೂದಿಲ್ಲ. ನವನಗರದ ಕಾನೂನು ವಿಶ್ವವಿದ್ಯಾಲಯದ ಕೆಳಗಿನ ಯಾವ ಕಾಲೇಜಿಗೆ ಹೋದ್ರೂ ಹಾಜರಿ 70 ಪರ್ಸೆಂಟ್ ಬೇಕು. ನಿವೃತ್ತಿ ಆಗಿ ಬ್ಯಾಂಕಿನಾಗ ಮಾಜಿ ಸೈನಿಕರ ಕೋಟಾದಾಗ ಕುಂತವರು ಇಲ್ಲೇ ಸಿಕ್ಕಿಬೀಳ್ತಾರ. ಪಾಸಾದ್ರೂ ಮುಂದ ಇನ್ನೊಂದು ತಕರಾರು: ಪೂರ್ಣಾವಧಿ ಸಂಬಳದ ನೌಕರಿ ಇದ್ದವರು ವಕೀಲಿ ಮಾಡಂಗಿಲ್ಲ. ಪಿಂಚಣಿ ಸಂಬಳ ಅಲ್ಲ, ಅದಕ್ಕ ಅಡ್ಡಿಲ್ಲ. ನೋಂದಣಿ ಫೀ ಮಾತ್ರ ಈಗ ಹಗುರ ಆಗೇತಿ. ಸುಪ್ರೀಂ ಕೋರ್ಟ್ 2024ರ ಜುಲೈದಾಗ ಸಾಮಾನ್ಯ ವರ್ಗಕ್ಕ 750, ಪರಿಶಿಷ್ಟರಿಗೆ 125 ರೂಪಾಯಿಗಿಂತ ಜಾಸ್ತಿ ತಗೋಬ್ಯಾಡ್ರಿ ಅಂತ ಹೇಳ್ತು. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ, 100 ಪ್ರಶ್ನೆ, ತಪ್ಪಿಗೆ ಅಂಕ ಕಡಿಯಂಗಿಲ್ಲ. ಅದೇನು ದೊಡ್ಡ ಮಾತಲ್ಲ.

ಹಂಗಾದ್ರ ನೌಕಾಪಡೆ ಏನೂ ಕೊಡಲಿಲ್ಲೇನು? ಕೊಟ್ಟೈತಿ, ಆದ್ರ ಅದರ ಹೆಸರು ಶಿಸ್ತಲ್ಲ, ಲಾಗ್‌ಬುಕ್. ಹಡಗಿನಾಗ ದಿನಾ ಅಂದ್ರ ನಾಲ್ಕು ನಾಲ್ಕು ತಾಸಿನ ಪಾಳಿ. ಹಂಗ ಆರು ಪಾಳಿ ಆದ್ರ ಅದ ಮಂದಿಗೆ ದಿನಾ ಅದ ನಡುರಾತ್ರಿ ಪಾಳಿ ಬೀಳ್ತೈತಿ ಅಂತ ಸಂಜಿ 4ರಿಂದ 8ರ ಪಾಳಿನ ಎರಡು ತುಂಡು ಮಾಡ್ಯಾರ. ಅದಕ್ಕ ಡಾಗ್ ವಾಚ್ ಅಂತಾರ. ಏಳು ಪಾಳಿ ಆದ್ವು, ಸರದಿ ತಾನ ತಿರಗತೈತಿ. ಪಾಳಿ ಬಿಡೋವ ಬರೋವಗ ಹಡಗಿನ ದಿಕ್ಕು, ವೇಗ, ಕಂಡ ದೀಪ, ಉಳದ ಕೆಲಸ ಎಲ್ಲಾ ಹೇಳಿ, ಬರದು ಹೋಗಬೇಕು. ತಪ್ಪು ಬರದ್ರ ರಬ್ಬರ್ ಹಚ್ಚಂಗಿಲ್ಲ. ಒಂದ ಗೆರಿ ಹೊಡದು, ಮಗ್ಗಲಕ್ಕ ಸರಿಯಾದ್ದು ಬರದು, ಸಣ್ಣ ಸಹಿ ಹಾಕಬೇಕು. ಅಫಿಡವಿಟ್ಟಿನ ತಿದ್ದುಪಡಿಗೆ ಕೋರ್ಟ್ ಕೇಳೂದೂ ಇದನ್ನ. ದಾವಾ ಸಮನ್ಸ್ ಮುಟ್ಟಿದ 30 ದಿನದಾಗ ಕೈಫಿಯತ್ತು, ಅಂದ್ರ ಪ್ರತಿವಾದಿಯ ಲಿಖಿತ ಉತ್ತರ, ಹಾಕಬೇಕು, ಕೋರ್ಟ್ ಮನಸ್ಸು ಮಾಡಿದ್ರ 90. ಆ ತಾರೀಖು ತಪ್ಪಸ್ಕೋಳೋ ವಕೀಲರು ಹೆಚ್ಚಾಗಿ ಕಾನೂನು ಗೊತ್ತಿಲ್ಲದವರಲ್ಲ, ಡೈರಿ ಬರಿಯದವರು.

ಶಿಸ್ತು ಅಡ್ಡ ಬರೂದೂ ಐತಿ. ಪಡೆಯಾಗ ಆರ್ಡರ್ ಅಂದ್ರ ಮಾತು ಮುಗೀತು. ಕೋರ್ಟಿನಾಗ ಆರ್ಡರ್ ಬಂದ ಮ್ಯಾಲೆನ ಅಪೀಲು, ರಿವಿಜನ್ ಅಂತ ಕೆಲಸ ಚಾಲೂ ಆಗೂದು. ‘ಸಾಹೇಬ್ರು ಹೇಳಿದ್ರು’ ಅಂತ ಸುಮ್ಮನಾಗೋ ರೂಢಿ ಬಿಡಾಕ ಎರಡು ವರ್ಷ ಬೇಕು. ತನಗಿಂತ ಹತ್ತು ವರ್ಷ ಸಣ್ಣ ಸೀನಿಯರ್‌ಗೆ ‘ಸರ್’ ಅನ್ನೂದು ಮಾತ್ರ ಇವರಿಗೆ ಕಷ್ಟ ಆಗಂಗಿಲ್ಲ. ಹೆಗಲ ಪಟ್ಟಿ ನೋಡಿ ಸಲಾಂ ಹೊಡದವರು, ವಯಸ್ಸು ನೋಡಿ ಅಲ್ಲ.

ಓಟದಾಗಂತೂ ಶಿಸ್ತು ನೇರ ಮೊಳಕಾಲಿಗೆ ಬಡೀತೈತಿ. ನೌಕಾಪಡೆ ಭರ್ತಿಯಾಗ ಬಾಳ ವರ್ಷ ಇದ್ದ ಅಳತಿ 1.6 ಕಿಲೋಮೀಟರ್‌ಗೆ 7 ನಿಮಿಷ, ಅಂದ್ರ ಕಿಲೋಮೀಟರ್‌ಗೆ 4 ನಿಮಿಷ 22 ಸೆಕೆಂಡ್. ಆ ವೇಗ ಮೈಯಾಗ ಕುಂತಿರ್ತೈತಿ. ಅದ ವೇಗದಾಗ 42.195 ಕಿಲೋಮೀಟರ್ ಓಡಿದ್ರ 3 ತಾಸು 5 ನಿಮಿಷದಾಗ ಮುಗೀತೈತಿ. ನಲವತ್ತೈದರಾಗ, ಹತ್ತು ವರ್ಷ ಕುರ್ಚಿ ಮ್ಯಾಲೆ ಕುಂತು ಎದ್ದವರಿಗೆ ಅದು ಕನಸು. ವಾರದಾಗ ನಾಲ್ಕು ದಿನ ಸಾಕು, ಮೂರು ದಿನ ಮಾತಾಡ್ಕೋತ ಓಡೂವಷ್ಟು ನಿಧಾನ, ಕಿಲೋಮೀಟರ್‌ಗೆ ಆರೂವರಿ-ಏಳು ನಿಮಿಷ. ಉಣಕಲ್ ಕೆರಿ ದಂಡಿ ಸಪಾಟ ಐತಿ, ವಿಶ್ವವಿದ್ಯಾಲಯದ ಗುಡ್ಡ ಏರಿಗೆ ಛಲೋ. ಮಳಿಗಾಲದಾಗ ಹುಬ್ಬಳ್ಳಿ ಪೂರ್ವಕ್ಕ ಎರಿ ಹೊಲದ ದಾರಿ ಹಿಡಿಬ್ಯಾಡ್ರಿ, ಬೂಟಿಗೆ ಮಣ್ಣು ಅಂಟಿ ಕಾಲು ಕಲ್ಲಾಗ್ತೈತಿ. ಧಾರವಾಡ ಪಶ್ಚಿಮದ ಕೆಂಪು ಮಣ್ಣು ವಾಸಿ.

ಇವರ ಹಿಮ್ಮಡಿ ನರ ಕೆಡಸೂದು ಓಟ ಒಂದ ಅಲ್ಲ. ಬೆಳಿಗ್ಗೆ ಮೆತ್ತನ್ನ ಬೂಟು, ಹನ್ನೊಂದಕ್ಕ ಬಿರುಸು ಅಟ್ಟೆಯ ಚರ್ಮದ ಬೂಟಿನಾಗ ತಾಸುಗಟ್ಟಲೆ ನಿಂದರೂದು. ಮೆಟ್ಟಿಲ ಅಂಚಿನಾಗ ಮುಂಗಾಲೂರಿ ಹಿಮ್ಮಡಿ ನಿಧಾನ ಕೆಳಗಿಳಸೂದನ್ನ 15 ಸಲದಂಗ ಮೂರು ಸುತ್ತು, ದಿನಕ್ಕ ಎರಡು ಹೊತ್ತು, 12 ವಾರ ಮಾಡಬೇಕು. ನೋವು ನುಂಗಿ ಓಡೂದು ಹಡಗಿನಾಗ ಶೌರ್ಯ, ಇಲ್ಲಿ ದಡ್ಡತನ. ಬ್ಯಾಸಿಗ್ಯಾಗ ಕೆಳ ಕೋರ್ಟಿನಾಗ ಕರೆ ಕೋಟಿಗೆ ವಿನಾಯಿತಿ ಐತಿ, ಹೈಕೋರ್ಟ್ ಪೀಠಕ್ಕ ಹೋದ್ರ ಆ ನಿಯಮದ ವಿನಾಯಿತಿ ಇಲ್ಲ. 20 ಕಿಲೋಮೀಟರ್ ಓಡಿದ ದಿನ ಉಪ್ಪು ಹಾಕಿದ ಮಜ್ಜಿಗಿ ಕುಡದ ಒಳಗ ಹೋಗ್ರಿ.

ಇಷ್ಟಾದ ಮ್ಯಾಲೆ ಇವರ ಹತ್ರ ಬರೋ ಕಕ್ಷಿದಾರರು ಯಾರು? ಹೆಚ್ಚಾಗಿ ಗದಗ, ಹಾವೇರಿ ಕಡೆ ಮಾಜಿ ಸೈನಿಕರು. ‘ಪಿಂಚಣಿ ತಜ್ಞ’ ಅಂತ ಬೋರ್ಡು ಹಾಕಂಗಿಲ್ಲ, ವಕೀಲರ ಪರಿಷತ್ತಿನ ನಿಯಮ 36 ಬಿಡಂಗಿಲ್ಲ. ಆದ್ರೂ ಬರ್ತಾರ. ಅಂಗವೈಕಲ್ಯ ಪಿಂಚಣಿಗೆ 20 ಪರ್ಸೆಂಟ್ ಕನಿಷ್ಠ. ಸುಪ್ರೀಂ ಕೋರ್ಟಿನ 2014ರ ರಾಮ್ ಅವತಾರ್ ತೀರ್ಪಿನ ಮ್ಯಾಲೆ 20 ಇದ್ದದ್ದನ್ನ 50ಕ್ಕ ಏರಿಸಿ ಲೆಕ್ಕ ಹಿಡೀತಾರ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಅಂತಿಮ ಆದೇಶದಿಂದ ಆರು ತಿಂಗಳು ಮುದ್ದತ್ತು. ಮಂಡಳಿ ಆದೇಶದ ವಿರುದ್ಧ ಹೈಕೋರ್ಟಿಗೆ ರಿಟ್ ಹೋಗಬಹುದು ಅಂತ 2023ರಾಗ ಸುಪ್ರೀಂ ಕೋರ್ಟ್ ಖಚಿತ ಮಾಡೇತಿ. ತಡ ಮಾಡಿದ್ರ ಹಕ್ಕು ಉಳದ್ರೂ ಹಿಂದಿನ ಬಾಕಿ ಸಾಮಾನ್ಯವಾಗಿ ಮೂರು ವರ್ಷದ್ದ ಸಿಗೂದು. ಹಿಂಗಾಗಿ ವಕೀಲರ ಹತ್ರ ಹೋಗೂವಾಗ ಡಿಸ್ಚಾರ್ಜ್ ಬುಕ್, ಪಿಪಿಓ (ಪಿಂಚಣಿ ಪಾವತಿ ಆದೇಶ), ಬಿಡುಗಡೆ ಹೊತ್ತಿನ ವೈದ್ಯಕೀಯ ಮಂಡಳಿ ಕಾಗದ, ತಿರಸ್ಕಾರದ ಪತ್ರ ಎಲ್ಲಾ ತಗೊಂಡು ಹೋಗ್ರಿ. ಆ ಪತ್ರ ಬಂದ ಲಕೋಟಿನೂ ಒಗಿಬ್ಯಾಡ್ರಿ, ಯಾವಾಗ ಕೈಗೆ ಬಂತು ಅನ್ನೂದಕ್ಕ ಅದರ ಮ್ಯಾಲಿನ ಅಂಚೆ ಮುದ್ರೆನ ಸಾಕ್ಷಿ.